ನಾಲ್ಕನೇ ಕೋಣೆಯ ಕುರ್ಚಿ

ತಿಸಾ ಹೊಳೆ ಹೆಪ್ಪುಗಟ್ಟಿದ ವಾರ, ಸೆಗೆದ್ ಊರಿಗೆ
ನನ್ನ ಬೀಗಗಳ ಮೇಲೆ ದೂರು ಬಂದವು.

ಗೆರ್ಗೆ ಬರೆದ: "ಕೆಂಪು ದೀಪ, ಹಸಿರು ದೀಪ ಅಂತೀಯ.
ನನ್ನ ಕಣ್ಣಿಗೆ ಎರಡೂ ಒಂದೇ ಕೆಸರು.
ನಲವತ್ತು ನಿಮಿಷ ಸುಮ್ಮಸುಮ್ಮನೆ ದಡ್ಡನಾದೆ."
ದೀಪಗಳಿಗೆ ಆಕಾರ ಕೊಟ್ಟೆ: ಒಂದು ಮೀನು, ಒಂದು ಮೊಳೆ.

ಇನ್ನೊಬ್ಬಳು: "ಪಿಯಾನೋದ್ದು ಒಗಟಲ್ಲ,
ನಿನ್ನ ತಲೆಯೊಳಗೇನಿತ್ತೆಂದು ಊಹಿಸುವ ಶಿಕ್ಷೆ."
ಎರಡು ದಿನ ಸಿಟ್ಟಿತ್ತು.
ಮೂರನೆಯ ದಿನ ಪಿಯಾನೋ ಅಳಿಸಿದೆ.

ಆಮೇಲೆ ಪಿರೋಷ್ಕಾ. ವಯಸ್ಸು ಎಪ್ಪತ್ತೊಂದು,
ರೈಲು ನಿಲ್ದಾಣದಲ್ಲಿ ಟಿಕೆಟ್ ಹರಿದುಕೊಡುತ್ತಿದ್ದವಳು.
ಮೊಮ್ಮಗನ ವಿಆರ್ ಕನ್ನಡಕ ತೊಟ್ಟು ಆಡಿದಳಂತೆ.
"ಬಾಗಿಲು ಹನ್ನೊಂದೇ ನಿಮಿಷಕ್ಕೆ ತೆರೆಯಿತು, ಹುಡುಗಿ.
ಆದರೆ ಆ ಅಡುಗೆಮನೆ, ಆ ನೀಲಿ ಕೆಟಲ್,
ಕಿಟಕಿಯಲ್ಲಿ ಒಣಮೆಣಸಿನ ಸರ...
ಹೊರಗೆ ಹೋಗಲು ಮನಸ್ಸಾಗಲಿಲ್ಲ.
ಹೊತ್ತು ಮುಗಿಯುವವರೆಗೂ ನಿಂತೇ ಇದ್ದೆ.
ಕಾಲು ಸೋತು ಕುರ್ಚಿಯಲ್ಲಿ ಕೂತರೆ, ಬರೀ ಗಾಳಿ!
ನನ್ನ ಮನೆಯ ನೆಲಕ್ಕೆ ಬಿದ್ದೆ.
ಇದು ಆಟದ ದೋಷವೋ ಏನೋ, ನೋಡು."

ಈಗ ಆಟ ಶುರುವಾಗುವ ಮುನ್ನ ಒಂದು ಸಾಲು ಮೂಡುತ್ತದೆ:
ಪಕ್ಕದಲ್ಲೊಂದು ನಿಜದ ಕುರ್ಚಿ ಇಟ್ಟುಕೊಳ್ಳಿ.
ನಾಲ್ಕನೇ ಕೋಣೆಯ ಗಡಿಯಾರಕ್ಕೆ ಮುಳ್ಳಿಲ್ಲ.
ಕೆಟಲ್ ಕುದಿಯುವಂತೆ ಮಾಡುವುದೊಂದು
ಇನ್ನೂ ಬಾಕಿ.