ಮೂಲೆಗೆ ಮುಖ ಮಾಡಿ

ಗುರುವಾರ, ಶುಕ್ರವಾರ: ಎರಡೇ ದಿನ ರಜೆ.
ಅರಾಕಿನಿಂದ ನಸುಕಿನ ಬಸ್ಸು.
ಡ್ರೈವಿಂಗ್ ಕಲಿಸುವವನು ನಾನು,
ಇನ್ನೊಬ್ಬರು ಓಡಿಸುವಾಗ ತಿರುವು ಬಂದರೆ ಸಾಕು,
ನನ್ನ ಬಲಗಾಲು
ಇಲ್ಲದ ಬ್ರೇಕನ್ನು ತುಳಿಯುತ್ತದೆ.

ಕಿಟಕಿಯ ಕಡೆ ಪರಂದೀಸ್. ಹದಿನೈದು ವರ್ಷ.
ಹತ್ತೊಂಬತ್ತು ದಿನದಿಂದ ನನ್ನೊಡನೆ ಮಾತಿಲ್ಲ.
ಉಪ್ಪು ಬೇಕಾದರೂ ಅಮ್ಮನಿಗೆ ಹೇಳುತ್ತಾಳೆ,
ಅಮ್ಮ ನನಗೆ ಹೇಳುತ್ತಾಳೆ.
ಅಮ್ಮನಿಗೆ ಈ ವಾರ ಆಸ್ಪತ್ರೆಯಲ್ಲಿ ರಾತ್ರಿಪಾಳಿ.
ಹೀಗೆ, ದುಭಾಷಿ ಇಲ್ಲದೆ ಹೊರಟೆವು.

ಅರ್ಧ ಜಗತ್ತು ಅನ್ನುತ್ತಾರೆ ಇಸ್ಫಹಾನನ್ನು.
ಉಳಿದರ್ಧದಲ್ಲಿ ಕಾರಿನ ಕಂತು, ಸೋರುವ ಗೀಸರು,
ಹಿಂದಕ್ಕೆ ತೆಗೆಯೆಂದರೆ ಮುಂದಕ್ಕೆ ನುಗ್ಗಿಸುವ ಶಿಷ್ಯರು.
ಈ ಅರ್ಧಕ್ಕೆ ನಾನು ಬಂದದ್ದು ಹನ್ನೊಂದು ಸಲ.
ಯಾವ ಗುಮ್ಮಟದ ಕೆಳಗೆ ಎಲ್ಲಿ ನಿಲ್ಲಬೇಕು,
ಎಷ್ಟು ಗಂಟೆಗೆ ನಿಂತರೆ
ಬಿಸಿಲು ಇಳಿದು ನವಿಲಿನ ಬಾಲವಾಗುತ್ತದೆ, ಎಲ್ಲ ಬಲ್ಲೆ.
ನಿಲ್ಲಿಸಿದೆ ಅವಳನ್ನು, ಭುಜ ಹಿಡಿದು, ಕಲ್ಲಿನ ಲೆಕ್ಕ ಇಟ್ಟು.
ಅವಳು ತಲೆ ತಗ್ಗಿಸಿ
ತನ್ನ ಬೂಟಿನ ಫೋಟೊ ತೆಗೆದುಕೊಂಡಳು.

ಚೌಕದಲ್ಲಿ ಕುದುರೆಗಾಡಿಗಳು ಸುತ್ತುತ್ತಿದ್ದವು.
ರಾಜರು ಚೆಂಡಾಡಿದ ಕಾಲದ ಕಲ್ಲಿನ ಗೋಲುಕಂಬಗಳ ನಡುವೆ
ಯಾರದೋ ಮಗು ಕಿತ್ತಳೆ ಒದ್ದು ಗೋಲು ಹೊಡೆಯಿತು.
ಬಜಾರಿನಲ್ಲಿ ಬಟ್ಟೆಗೆ ಅಚ್ಚು ಗುದ್ದುವ ಮುದುಕ:
ಧಪ್, ಧಪ್.
ಒಂದೇ ಹೂವು, ಸಾವಿರದ ಒಂದನೇ ಸಲ,
ಅಂಗೈಗೆ ಚಿಂದಿ ಸುತ್ತಿಕೊಂಡು.

ಆಮೇಲೆ ಆಲಿ ಕಾಪು. ಅರಮನೆಯ ಬಾಗಿಲ ಕಮಾನು.
ನಾಲ್ಕು ಮೂಲೆ.
ಈ ಮೂಲೆಯಲ್ಲಿ ಗೋಡೆಗೆ ಪಿಸುಗುಟ್ಟಿದರೆ
ಎದುರು ಮೂಲೆಯ ಗೋಡೆ ಕಿವಿಗೆ ಹೇಳುತ್ತದೆ.
ನಡುವೆ ನಿಂತವರಿಗೆ ಏನೂ ಕೇಳದು.
ಪಾಠ ಒಪ್ಪಿಸದ ಹುಡುಗರ ಹಾಗೆ
ಆ ಮೂಲೆಗೆ ಅವಳು, ಈ ಮೂಲೆಗೆ ನಾನು.

ಬಸ್ಸಿನುದ್ದಕ್ಕೂ ಕೂಡಿಟ್ಟುಕೊಂಡಿದ್ದೆ ಮಾತು.
ಬಾಯಿ ತೆರೆದರೆ ಬಂದದ್ದು:
"ಈ ಅರಮನೆಗೆ ಆರು ಅಂತಸ್ತು."
ಇಟ್ಟಿಗೆ ತಣ್ಣಗಿತ್ತು. ಯಾರದೋ ಬೆವರಿನ ವಾಸನೆ.
ಕಾದೆ.
ಕೊನೆಗೆ ಗೋಡೆಯೊಳಗಿಂದ, ನನ್ನ ಹಲ್ಲಿಗೇ ಅಂಟಿದ ಹಾಗೆ:
"ಹಸಿವು."

ತಿಂದೆವು. ರೊಟ್ಟಿಯ ಮೇಲೆ ಕೊಚ್ಚಿದ ಕುರಿಮಾಂಸ,
ದಾಲ್ಚಿನ್ನಿ, ಒಂದು ಹಿಡಿ ಕಾಮಕಸ್ತೂರಿ.
ಅವಳು ಎರಡು ತಿಂದಳು. ನನ್ನದರಲ್ಲೂ ಮುರಿದುಕೊಂಡಳು,
ಕೇಳದೆ.

ಸಂಜೆ ನದಿ. ಜೀವ ಕೊಡುವವಳು ಎಂದು ಅವಳ ಹೆಸರು.
ನೀರಿಲ್ಲ.
ಮೂವತ್ತಮೂರು ಕಮಾನಿನ ಸೇತುವೆ
ಬಿರುಕು ಬಿಟ್ಟ ಮಣ್ಣಿನ ಮೇಲೆ ನೆರಳು ಹಾಸಿಕೊಂಡು ಕೂತಿತ್ತು.
ಪೆಡಲ್ ದೋಣಿಯ ಹಂಸಗಳು ಸಾಲಾಗಿ,
ಕೊಕ್ಕಿನ ಬಣ್ಣ ಎದ್ದು, ಅಲ್ಲೇ ಹೂತಿದ್ದವು.
ದೋಣಿಯ ನುಸ್ರತ್ ಟಿಕೆಟು ಹರಿಯುತ್ತಿದ್ದ.
"ನೀರಿಲ್ಲದೆಯೂ ದುಡ್ಡೇ?"
"ನೀರಿಗೆ ಎಲ್ಲಿ ಕೇಳಿದೆ ಯಜಮಾನರೇ, ಹಂಸಕ್ಕೆ."

ಹತ್ತಿ ಕೂತೆವು. ಇಬ್ಬರೂ ತುಳಿದೆವು.
ಸರಪಳಿ ಕಿರುಗುಟ್ಟಿತು, ಧೂಳೆದ್ದಿತು,
ಸೇತುವೆ ಇದ್ದಲ್ಲೇ ಇತ್ತು.

"ಓದಬಾರದಿತ್ತು ನಿನ್ನ ನೋಟುಬುಕ್ಕು."
"ಎಷ್ಟು ಓದಿದೆ?"
"ಒಂದೂವರೆ ಪುಟ."
"ಇನ್ನರ್ಧ ಯಾಕೆ ಬಿಟ್ಟೆ?"
"ಅಕ್ಷರ ತಿಳಿಯಲಿಲ್ಲ."
ಅವಳು ನಗಲಿಲ್ಲ. ಪೆಡಲ್ ಮಾತ್ರ ಜೋರಾಯಿತು.
ದಡದ ಪೋರನೊಬ್ಬ ಕೂಗಿದ:
"ಬೇಗ, ಬೇಗ! ಮುಳುಗುತ್ತೀರಿ!"

ಕತ್ತಲಾದ ಮೇಲೆ ಕೆಳಗಿನ ಕಮಾನುಗಳಲ್ಲಿ
ನಾಲ್ಕೈದು ಮುದುಕರು ಸೇರಿ ಹಾಡತೊಡಗಿದರು,
ಒಬ್ಬನ ದನಿ ಒಡೆದರೆ ಇನ್ನೊಬ್ಬ ಎತ್ತಿಕೊಂಡು.
ಅವಳು ಮೆಟ್ಟಿಲ ಮೇಲೆ ಕೂತು
ಚೀಲದಿಂದ ಅದೇ ಪುಸ್ತಕ ತೆಗೆದಳು,
ನನ್ನ ಪಕ್ಕದಲ್ಲೇ, ಬರೆಯತೊಡಗಿದಳು.

ನಾನು ಆ ಕಡೆ ತಿರುಗಿ
ಕಮಾನು ಎಣಿಸಿದೆ.
ಹದಿನೇಳಕ್ಕೆ ತಪ್ಪಿತು.
ಮತ್ತೆ ಮೊದಲಿಂದ.