ಎರಡು ಬೆರಳು ಕಡಿಮಿ

ಬರೂ ಅಮಾಸಿಗೆ ಲೂಮಿಗೆ ಸೂಟಿ.
ಅವತ್ತ ಹೋಗೂದು ಅಂತ ಆತು.
ನಮ್ಮ ಬನಹಟ್ಟಿ ಓಣ್ಯಾಗ ಒಬ್ಬರೂ ಕಂಡವರಿಲ್ಲ
ಆ ಪಾರ್ಕು. ನಾವು ಕಂಡದ್ದು ಒಂದು ಹಾಳಿ,
ಭಜಿ ಕಟ್ಟಿ ಕೊಟ್ಟದ್ದು. ಎಣ್ಣಿ ಹತ್ತಿ
ನೀರಿನ ಜಾರುಬಂಡಿಯೊಳಗಿಂದ
ಹಿಂದಿನ ಅಕ್ಷರ ಕಾಣತಾವ.

ಕಾಡಪ್ಪ ಅದನ್ನ ಹಾಸಿನ ಮ್ಯಾಲೆ ಹರವಿ
ಬೆರಳಲೆ ದಾರಿ ಹಿಡಿತಾನ:
ಮೊದಲ ಇದು, ಆಮ್ಯಾಲೆ ಇದು, ಊಟ ಇಲ್ಲೆ.
ಹೊರಗಿನ ಬುತ್ತಿ ಒಳಗ ಬಿಡೂದಿಲ್ಲಂತ.
ಹಂಗಾರ ಗೇಟಿನ ಮುಂದ ಕುಂತು ತಿಂದ ಹೋಗೂಣು, ಅಂದೆ.
ಖಟಕ ರೊಟ್ಟಿಗೆ ಯಾರ ಅಪ್ಪಣಿ?

ನೀರಿಗಿಳಿಯಾಕ ನೈಲಾನ ಬಟ್ಟಿನ ಬೇಕಂತ.
ದಿನಾ ಹನ್ನೆರಡು ತಾಸು ಹತ್ತಿ ಸೀರಿ ನೇಯೂ ಮನಿಯಾಗ
ಹುಡುಕಿದರ ನೈಲಾನ ಅಂತ ಸಿಕ್ಕದ್ದು
ಬಟ್ಟಿ ಒಣಹಾಕೂ ಹಗ್ಗ ಒಂದ.

ದೊಡ್ಡ ಗಾಲಿ ಹತ್ತಾಕ ನಾಲ್ಕಡಿ ಎತ್ತರ.
ದಾನವ್ವನ್ನ ಚೌಕಟ್ಟಿಗೆ ನಿಲ್ಲಿಸಿ
ಸುಣ್ಣದ ಗೆರಿ ಎಳೆದ್ವಿ.
ಎರಡು ಬೆರಳು ಕಡಿಮಿ.
"ನೆತ್ತಿಮ್ಯಾಲೆ ತುರುಬು ಕಟ್ಟವಾ," ಅಂತಾಳ,
"ಅದೂ ನಾನ ಅಲ್ಲೇನು?"

ಮೂಲ್ಯಾಗ ಕುಂತ ಮಾವ ಕೇಳಿದರು:
"ಗಾಲಿ ಮ್ಯಾಲಿದ್ದಾಗ ಕರೆಂಟ್ ಹೋದ್ರ?"
ಯಾರೂ ನಗಲಿಲ್ಲ.
ಈ ಊರಾಗ ಅದು ನಗೂ ಮಾತಲ್ಲ.

ನಿನ್ನೆ ರಾತ್ರಿ ಹೋತು.
ಓಣಿ ಲೂಮೆಲ್ಲಾ ಒಮ್ಮಿಗೇ ಗಪ್ಪ.
ಲಾಳಿ ಎಲ್ಲಿತ್ತೋ ಅಲ್ಲೇ.
ಕತ್ತಲದಾಗ ದಾನವ್ವ
ನೂಲಿನ ಗಂಟಿನ ಮ್ಯಾಲೆ ಕುಂತು
ಕಾಲು ಇಳಿಬಿಟ್ಟು ಅಂದಳು:
"ಯಾರೂ ಅಳ್ಳಾಡಬ್ಯಾಡ್ರಿ.
ನಾವೀಗ ತುದಿಯಾಗ ಅದೀವಿ.
ಇಲ್ಲಿಂದ ಜಮಖಂಡಿ ದೀಪ ಕಾಣತಾವ."