ಇನ್ನೂರು ಕೆಬಿಯೊಳಗೆ

ರಾತ್ರಿ ಹನ್ನೆರಡಕ್ಕೆ ಅರ್ಜಿಯ ಬಾಗಿಲು ಮುಚ್ಚುತ್ತದಂತೆ.
ಈಗ ಹತ್ತೂ ಇಪ್ಪತ್ತು.
ಝುವಾರಿನಗರದ ಈ ಓಣಿಯಲ್ಲಿ ನೆಟ್ಟು ಸಿಗುವುದು
ಫಿಲೋಮಿನಾ ಬಾಯಿಯ ನೀರಿನ ಟಾಕಿಯ ಹತ್ತಿರ ಮಾತ್ರ.
ಟಾಕಿಯ ಮುಚ್ಚಳದ ಮೇಲೆ ಲ್ಯಾಪ್‌ಟಾಪಿಟ್ಟು ನಿಂತಿದ್ದೇನೆ,
ಕಾಲಿಗೆ ಸೊಳ್ಳೆ.

ಸಮಸ್ಯೆಯನ್ನು ಐನೂರು ಅಕ್ಷರಗಳಲ್ಲಿ ವಿವರಿಸಿ.
ಹೋದ ವರ್ಷ ಖಿನ್ನತೆ ಎಂದು ಬರೆದಿದ್ದೆ.
ಆ ಪದ ಇಲ್ಲಿ ಯಾರ ಬಾಯಲ್ಲೂ ಇಲ್ಲ.
‘ಜೀವಾ ಒಂದ್ ನಮೂನಿ ಆಗೇತ್ರಿ’ ಅನ್ನುತ್ತಾಳೆ ದುರಗವ್ವ.
‘ಎದಿ ಮ್ಯಾಲ ಯಾರೋ ಹಾಸಗಲ್ ಹೇರ್ಯಾರ’ ಅನ್ನುತ್ತಾಳೆ ಮಾಬೂಬಿ.
ವೆಲ್ಡರನ ಹೆಂಡತಿ ನೀಲವ್ವ ಏನೂ ಅನ್ನುವುದಿಲ್ಲ;
ಬಂದು, ಗೋಡೆಗೆ ಬೆನ್ನು ಕೊಟ್ಟು,
ಜಮಖಾನೆಯ ದಾರ ಒಂದೊಂದೇ ಎಳೆಯುತ್ತಾಳೆ.
ಮೂರು ವರ್ಷದಲ್ಲಿ ಒಂದು ಮೂಲೆ ಪೂರಾ ಖಾಲಿ.
ಬಜೆಟ್ಟಿನಲ್ಲಿ ಸವಕಳಿ ಎಂಬ ಸಾಲಿದೆ.
ಅದನ್ನು ಅಲ್ಲಿ ಹಾಕಿದ್ದೇನೆ.

ಫಲಾನುಭವಿಗಳ ಸಂಖ್ಯೆ: ನಲವತ್ತೊಂದು.
ಹೋಳಿಯ ತನಕ ನಲವತ್ತೆರಡು.
ಎರಡನ್ನು ಅಳಿಸುವಾಗ ಬೆರಳು ತಡೆಯಿತು,
ಅದನ್ನು ಬರೆಯಲು ಜಾಗ ಕೊಟ್ಟಿಲ್ಲ.

ಪ್ರಗತಿಯನ್ನು ಅಳೆಯುವ ಸೂಚಕ ಯಾವುದು?
ವಿಮಾನ, ಎಂದು ಬರೆಯಲೆ?
ಗುರುವಾರ ಮಧ್ಯಾಹ್ನ ನಾವು ಕೂತಾಗ
ದಾಬೋಳಿಯಿಂದ ಎದ್ದದ್ದು ತಲೆಯ ಮೇಲೇ ಹಾಯುತ್ತದೆ,
ತಗಡು ನಡುಗುತ್ತದೆ, ಮಾತು ನಿಲ್ಲುತ್ತದೆ.
ಹೊಸಬರು ಆ ಗದ್ದಲಕ್ಕಾಗಿಯೇ ಕಾದಿದ್ದು
ಹೇಳಬೇಕಾದ್ದನ್ನು ಹೇಳಿಬಿಡುತ್ತಾರೆ.
ಯಾರಿಗೂ ಕೇಳದು. ತುಟಿ ಅಲ್ಲಾಡಿದ್ದು ಕಾಣುತ್ತದೆ, ಅಷ್ಟೇ.
ಆರೆಂಟು ತಿಂಗಳಾದ ಮೇಲೆ ಕೆಲವರು
ವಿಮಾನ ದಾಟಿಹೋಗುವ ತನಕ ತಡೆಯುತ್ತಾರೆ,
ಆಮೇಲೆ ಹೇಳುತ್ತಾರೆ.
ನನಗೆ ಗೊತ್ತಿರುವ ಸುಧಾರಣೆ ಇದೊಂದೇ.
ಶೇಕಡಾ ಮೂವತ್ತು ಎಂದು ತುಂಬಿದೆ.

ಸಿಬ್ಬಂದಿ ವೆಚ್ಚ: ಮಡಗಾಂವಿನ ಶೆರಿಲ್,
ತಿಂಗಳಿಗೆರಡು ಸಲ ಬರುವ ಆಪ್ತಸಮಾಲೋಚಕಿ, ನಾಲ್ಕು ತಿಂಗಳ ಬಾಕಿ.
ಬಾಯಿಬಿಟ್ಟು ಕೇಳುವುದಿಲ್ಲ,
ಬಸ್ಸಿನ ಚೀಟಿಗಳನ್ನು ಮಾತ್ರ ಪಿನ್ನು ಹಾಕಿ ಇಟ್ಟಿದ್ದಾಳೆ.
ಅವಳಿಗೆ ಕನ್ನಡ ಬಾರದು, ನಡುವೆ ನಾನು ದುಭಾಷಿ.
ಹಾಸಗಲ್ಲಿಗೆ ಕೊಂಕಣಿ ಶಬ್ದ ತೋಚದೆ ಒಮ್ಮೆ
ನನ್ನ ಎದೆಯನ್ನೇ ಗುದ್ದಿಕೊಂಡು ತೋರಿಸಿದೆ.
ಚಹಾಪುಡಿ, ಮಾತ್ರೆ,
ದುರಗವ್ವನ ಮಗನನ್ನು ಬಾಂಬೋಳಿ ಆಸ್ಪತ್ರೆಗೆ ಕರೆದೊಯ್ದ ರಿಕ್ಷಾ.
ರಸೀದಿ ಇಲ್ಲ. ಆ ರಾತ್ರಿ ಯಾರು ರಸೀದಿ ಕೇಳುತ್ತಾರೆ?

ಅನುದಾನ ನಿಂತ ಮೇಲೆ ಯೋಜನೆ ಹೇಗೆ ಮುಂದುವರಿಯುತ್ತದೆ?
ನಗು ಬಂತು.
ಬರುವ ಮೊದಲೇ ಹೇಗೆ ನಡೆದಿದೆ ಎಂದು ಕೇಳುವ ಕಾಲಮ್ಮಿಲ್ಲ.
ಬಿಸ್ಕೀಟಿನ ಡಬ್ಬಿಯಲ್ಲಿ ತಲೆಗೆ ಹತ್ತು ರೂಪಾಯಿ, ವಾರಕ್ಕೆ.
ಅದನ್ನು ಬರೆದರೆ ‘ಹಾಗಾದರೆ ನಮ್ಮ ದುಡ್ಡೇಕೆ’ ಎಂದಾರು.
ಬರೆಯದಿದ್ದರೆ ‘ಸಮುದಾಯದ ಪಾಲಿಲ್ಲ’ ಎಂದಾರು.
ಅತ್ತ ದರಿ, ಇತ್ತ ಪುಲಿ,
ನಡುವೆ ಐನೂರು ಅಕ್ಷರ.

ಕೊನೆಗೆ, ಫಲಾನುಭವಿಗಳ ಮುಖ ಸ್ಪಷ್ಟವಾಗಿ ಕಾಣುವ ಒಂದು ಫೋಟೊ,
ಇನ್ನೂರು ಕೆಬಿ ಮೀರಕೂಡದು.
ಕುಗ್ಗಿಸಿದೆ. ಹಿಡಿಸಲಿಲ್ಲ. ಮತ್ತೂ ಕುಗ್ಗಿಸಿದೆ.
ಮೊದಲು ಹೋದವು ಕಣ್ಣು,
ಆಮೇಲೆ ಮಾಬೂಬಿಯ ಮೂಗುಬಟ್ಟು, ಬಾಯಿ.
ಸೀರೆಗಳ ಬಣ್ಣ ಉಳಿಯಿತು, ಜಮಖಾನೆಯ ಪಟ್ಟೆ ಉಳಿಯಿತು,
ಒಂದು ಮೂಲೆಯಲ್ಲಿ ಪಟ್ಟೆ ಇಲ್ಲದ್ದೂ.
ನೂರಾ ತೊಂಬತ್ತೆಂಟು.

ಹನ್ನೊಂದೂ ಐವತ್ತಮೂರು. ಒತ್ತಿದೆ.
ಚಕ್ರ ತಿರುಗುತ್ತಲೇ ಇದೆ.
ಮೇಲೆ ಯಾವುದೋ ತಡರಾತ್ರಿಯ ವಿಮಾನ,
ಟಾಕಿಯೊಳಗೆ ನೀರು ನಡುಗಿತು.

ಆಗ ನಾನೂ ಏನೋ ಹೇಳಿದೆ.